ಯಾರ ಕಡೆಯಿಂದ ಬಂತು ಈ ಹಲ್ಲು?

(ಬಸವನಗುಡಿಯಲ್ಲಿ ನಮ್ಮ ಬಡಾವಣೆಯವರು ತಿಂಗಳಿಗೊಮ್ಮೆ ಸೇರುವ ಭಾನುವಾರದ ಮಾತುಕತೆಯಲ್ಲಿ ನಾನು ಆಡಿದ್ದು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ತಪ್ಪೊಪ್ಪಿಗೆ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಹಲ್ಲು ನೆಟ್ಟಗೆ ಮಾಡುತ್ತಾ ಬಂದಿರುವ ನನ್ನದೇ ಒಂದು ಹಲ್ಲು ಸೊಟ್ಟಗಿದೆ. ಮೇಲ್ದವಡೆಯ ಬಲಗಡೆ, ಅಂಗುಳದ ಕಡೆಗೆ ಸರಿದು ನಿಂತಿದೆ. ನಕ್ಕರೆ ಕಾಣುವುದಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲ ತಿನ್ನುವಾಗ ಕೊಬ್ಬರಿ ಚೂರು ಅಲ್ಲೇ ಹೋಗಿ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಅರ್ಧ ದಿನ ಅದರ ಬೆನ್ನು ಬೀಳುತ್ತದೆ. ಆ ಹಲ್ಲು ಅಲ್ಲಿಗೆ ಹೇಗೆ ಹೋಯಿತು ಅನ್ನುವುದೇ ಇವತ್ತಿನ ಮಾತಿನ ಅರ್ಧ ಭಾಗ.

ಕ್ಲಿನಿಕ್ಕಿಗೆ ಮಗುವನ್ನು ಕರೆದುಕೊಂಡು ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಇದು ಯಾರ ಕಡೆಯಿಂದ ಬಂದಿದ್ದು?" ಕೇಳಿದವರು ಅಜ್ಜಿಯಾದರೆ ಉತ್ತರವೂ ಅವರ ಹತ್ತಿರವೇ ಇರುತ್ತದೆ: "ನಮ್ಮ ಮನೇಲಿ ಯಾರಿಗೂ ಹೀಗಿಲ್ಲಮ್ಮ." ಸೊಸೆ ಮೊಬೈಲ್ ನೋಡುತ್ತಾ ಕೂರುತ್ತಾಳೆ. ಮಗ ಕಾರು ಪಾರ್ಕ್ ಮಾಡಿ ಬರುತ್ತೇನೆಂದು ಹೋದವನು ಇನ್ನೂ ಬಂದಿರುವುದಿಲ್ಲ.

ವಂಶದಿಂದ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಳದವಡೆ ಮುಂದಕ್ಕೆ ಚಾಚಿಕೊಳ್ಳುವುದು ಮನೆತನದಲ್ಲಿ ಹರಿದು ಬರುತ್ತದೆ. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಚಿತ್ರಪಟಗಳನ್ನು ನೋಡಿ, ತಲೆಮಾರು ತಲೆಮಾರಿಗೂ ಅದೇ ಗದ್ದ. 1700ರಲ್ಲಿ ತೀರಿಕೊಂಡ ಸ್ಪೇನಿನ ದೊರೆ ಎರಡನೇ ಚಾರ್ಲ್ಸ್‌ಗೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸೇರದೆ ಅಗಿಯುವುದೇ ಕಷ್ಟವಾಗಿತ್ತು. ಅವನ ಅಪ್ಪ ಮದುವೆಯಾಗಿದ್ದು ಸ್ವಂತ ತಂಗಿಯ ಮಗಳನ್ನು. ನಮ್ಮಲ್ಲಿ ಸೋದರಮಾವನಿಗೆ ಕೊಡುವ ಹಾಗೆಯೇ! ಅಲ್ಲಿ ಅದು ಎರಡು ಶತಮಾನ ಬಿಡದೆ ನಡೆದಿತ್ತು. ರಕ್ತಸಂಬಂಧ ಹತ್ತಿರವಾದಷ್ಟೂ ಆ ದವಡೆ ಎದ್ದು ಕಾಣುತ್ತಿತ್ತು ಎಂದು 2019ರಲ್ಲಿ ಚಿತ್ರಪಟಗಳನ್ನೇ ಸರ್ಜನ್‌ಗಳ ಮುಂದಿಟ್ಟು ಅಳೆದವರು ತೋರಿಸಿದ್ದಾರೆ. ಹಾಗೆಯೇ ಒಂದು ಹಲ್ಲು ಹುಟ್ಟದೇ ಇರುವುದು, ಮುಂದಿನೆರಡು ಹಲ್ಲಿನ ನಡುವೆ ಮೊಳೆಯಂಥ ಒಂದು ಹೆಚ್ಚಿನ ಹಲ್ಲು ಮೂಡುವುದು, ಇವೂ ಮನೆತನದಲ್ಲಿ ಕಾಣಿಸಿಕೊಳ್ಳುತ್ತವೆ.

ಆದರೆ ನಿಮ್ಮಲ್ಲಿ ಹೆಚ್ಚಿನವರ ಮಕ್ಕಳ ತೊಂದರೆ ಅದಲ್ಲ, ಹಲ್ಲಿನ ಮೇಲೆ ಹಲ್ಲು ಹತ್ತಿಕೊಳ್ಳುವುದು. ಇದಕ್ಕೆ ನಮ್ಮ ಕಸುಬಿನವರೇ ಬಹಳ ಕಾಲ ಒಂದು ಸುಲಭದ ಉತ್ತರ ಕೊಡುತ್ತಿದ್ದೆವು. ಅಪ್ಪನ ದೊಡ್ಡ ಹಲ್ಲು, ಅಮ್ಮನ ಚಿಕ್ಕ ದವಡೆ, ಎರಡೂ ಮಗುವಿನ ಬಾಯಲ್ಲಿ ಸೇರಿ ಜಾಗ ಸಾಲದೆ ಹೋಯಿತು ಅಂತ. ಕೇಳಲು ಚೆನ್ನಾಗಿದೆ, ಜಗಳ ಎರಡೂ ಮನೆಗೆ ಸಮನಾಗಿ ಹಂಚಿಹೋಗುತ್ತದೆ. ಈಗ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಎಲ್ಲವೂ ವಂಶವಾಹಿಯ ಕೆಲಸವಾಗಿದ್ದರೆ ಒಂದೆರಡು ತಲೆಮಾರಿನಲ್ಲಿ ಬದಲಾಗಲು ಸಾಧ್ಯವೇ ಇರಲಿಲ್ಲ. ಆದರೆ ಬದಲಾಗಿದೆ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚಿನಿ ಇಲ್ಲಿನ ಸಂಶೋಧಕರ ಜೊತೆ ಸೇರಿ ಉತ್ತರ ಭಾರತದಲ್ಲಿ ಮಾಡಿದ ಸಮೀಕ್ಷೆ 1983ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗಿಂತ ಪೇಟೆಯಲ್ಲಿ ಬೆಳೆದವರ ಹಲ್ಲುಗಳೇ ಹೆಚ್ಚು ಸಾಲು ತಪ್ಪಿದ್ದವು.

ಅದಿರಲಿ, ಮೊದಲು ಬಾಯೊಳಗಿನ ಲೆಕ್ಕ ನೋಡೋಣ. (ಇಲ್ಲಿ ನಾನು ಎರಡು ಪ್ಲಾಸ್ಟರ್ ಅಚ್ಚುಗಳನ್ನು ಮುಂದಿನ ಸಾಲಿಗೆ ಕೊಟ್ಟೆ. ಅವು ಕೈಯಿಂದ ಕೈಗೆ ಹೋಗುತ್ತಿದ್ದಾಗಲೇ ಮಾತು ಮುಂದುವರಿಯಿತು.)

ಎರಡೂ ಒಂದೇ ಹುಡುಗಿಯ ಬಾಯಿ. ಚಿಕ್ಕದು ಐದು ವರ್ಷದ್ದು, ದೊಡ್ಡದು ಹನ್ನೆರಡು ವರ್ಷದ್ದು. ಚಿಕ್ಕದರಲ್ಲಿ ಹಲ್ಲುಗಳು ಎಷ್ಟು ಚೆಂದ ನೋಡಿ, ಮುತ್ತು ಪೋಣಿಸಿದಂತೆ, ನಡುವೆ ಒಂದು ದಾರ ಹೋಗುವಷ್ಟೂ ಸಂದಿಯಿಲ್ಲ. ಇಂಥ ಬಾಯಿ ನೋಡಿದರೆ ಮನೆಯವರಿಗೆ ಖುಷಿ, ನನಗೆ ಅನುಮಾನ. ಹಾಲುಹಲ್ಲುಗಳ ನಡುವೆ ಸಂದಿ ಇರಬೇಕು. ಯಾಕೆಂದರೆ ಮೇಲಿನ ನಾಲ್ಕು ಹಾಲಿನ ಬಾಚಿಹಲ್ಲುಗಳ ಜಾಗಕ್ಕೆ ಬರುವ ಹೊಸ ನಾಲ್ಕು ಹಲ್ಲುಗಳು ಒಟ್ಟು ಸೇರಿ ಸುಮಾರು 7 ಮಿಲಿಮೀಟರ್ ಹೆಚ್ಚು ಅಗಲ. ದವಡೆ ಸ್ವಲ್ಪ ಬೆಳೆಯುತ್ತದೆ, ಹೊಸ ಹಲ್ಲು ಸ್ವಲ್ಪ ಮುಂದಕ್ಕೆ ವಾಲಿ ಬರುತ್ತದೆ, ಉಳಿದದ್ದನ್ನು ಈ ಸಂದಿಗಳೇ ತುಂಬಿಕೊಡಬೇಕು. ಈ ಹುಡುಗಿಯ ಬಾಯಲ್ಲಿ ಆ ಉಳಿತಾಯವೇ ಇರಲಿಲ್ಲ. ದೊಡ್ಡ ಅಚ್ಚು ನೋಡಿ, ಕೋರೆಹಲ್ಲುಗಳೆರಡೂ ವಸಡಿನ ಮೇಲೆ ಹತ್ತಿ ಕೂತಿವೆ. ಮೇಲಿನ ಕೋರೆಹಲ್ಲಿನದು ಪಾಪ, ಯಾವಾಗಲೂ ಇದೇ ಗೋಳು. ಅದು ಹೊರಡುವುದೇ ಮೂಗಿನ ಪಕ್ಕದಿಂದ, ಬಂದು ತಲುಪುವಾಗ ಮಗುವಿಗೆ ಹನ್ನೊಂದು ಹನ್ನೆರಡು ವರ್ಷ. ಅಷ್ಟರಲ್ಲಿ ಅಕ್ಕಪಕ್ಕದವರು ಮನೆ ಕಟ್ಟಿ ಗೃಹಪ್ರವೇಶ ಮುಗಿಸಿರುತ್ತಾರೆ.

ಇದಕ್ಕೆ ಉಲ್ಟಾ ಒಂದಿದೆ. ಏಳೆಂಟು ವರ್ಷದ ಮಗುವಿನ ಮುಂದಿನ ಎರಡು ದೊಡ್ಡ ಹಲ್ಲುಗಳ ನಡುವೆ ಸಂದಿ ಬಿಟ್ಟಿದೆ ಎಂದು ಓಡಿಬರುತ್ತಾರೆ. ಕೆಲವರು ಅದೃಷ್ಟ ಅಂತ ಸುಮ್ಮನಿರುತ್ತಾರೆ. ಅದೃಷ್ಟದ ವಿಷಯ ನನಗೆ ಗೊತ್ತಿಲ್ಲ, ಆದರೆ ಸುಮ್ಮನಿರುವುದೇ ಸರಿ. ಕೋರೆಹಲ್ಲು ಇಳಿದು ಬಂದಾಗ ಆ ಸಂದಿ ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ.

ಈಗ ನನ್ನ ಹಲ್ಲಿಗೆ ಬರುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಮೆಜೆಸ್ಟಿಕ್ಕಿನಲ್ಲಿ ಹಬ್ಬದ ಹಿಂದಿನ ದಿನ ಊರಿನ ಬಸ್ಸು ಹತ್ತಿದ್ದೀರಿ? ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಸೀಟಿನ ಮೇಲೆ ಟವಲ್ ಹಾಕುತ್ತೇವೆ. ಹಾಲುಹಲ್ಲು ಅಂದರೆ ಆ ಟವಲ್. ಹಿಂದೆ ಬರುವ ಹಲ್ಲಿಗಾಗಿ ಸೀಟು ಹಿಡಿದು ಕೂತಿರುತ್ತದೆ. ಟವಲ್ ತೆಗೆದುಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಆರನೇ ವಯಸ್ಸಿಗೆ, ಹಾಲಿನ ದವಡೆಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆಹಲ್ಲು ಬರುತ್ತದೆ. ಎಷ್ಟೋ ಮನೆಯಲ್ಲಿ ಇದನ್ನೂ ಹಾಲುಹಲ್ಲು ಎಂದೇ ತಿಳಿದಿರುತ್ತಾರೆ. ಅಲ್ಲ, ಇದು ಜೀವಮಾನದ ಹಲ್ಲು. 1899ರಲ್ಲಿ ಎಡ್ವರ್ಡ್ ಆಂಗಲ್ ಎಂಬ ಅಮೆರಿಕದ ದಂತವೈದ್ಯ ಸಾಲು ತಪ್ಪಿದ ಹಲ್ಲುಗಳನ್ನು ಮೂರು ವರ್ಗ ಮಾಡಿದಾಗ ಗುರುತಿಗೆ ಹಿಡಿದುಕೊಂಡದ್ದು ಇದನ್ನೇ, ನಾವು ಇವತ್ತಿಗೂ ಅದನ್ನೇ ನೋಡುತ್ತೇವೆ. ಇದರ ಸ್ವಭಾವ ಮುಂದಕ್ಕೆ ಜರುಗುವುದು. ಮುಂದೆ ಹಾಲುಹಲ್ಲು ಗಟ್ಟಿಯಾಗಿ ನಿಂತಿದ್ದರೆ ಅಲ್ಲೇ ನಿಲ್ಲುತ್ತದೆ, ಇಲ್ಲದಿದ್ದರೆ ಬಂದೇ ಬರುತ್ತದೆ.

ನನಗೆ ಏಳು ವರ್ಷ. ಚಾಮರಾಜಪೇಟೆಯಲ್ಲಿ ನಮ್ಮ ಮನೆ. ಸಂಜೆ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಅದ್ದಿ ತಿಂದು, ಮೇಲಿನ ದವಡೆಯ ಹಿಂದಿನ ಹಾಲುಹಲ್ಲು ಹುಳುಕಾಗಿ ಒಂದು ರಾತ್ರಿ ಕೆನ್ನೆ ಊದಿಕೊಂಡಿತು. ಅಪ್ಪ ಒಬ್ಬರು ವೈದ್ಯರ ಬಳಿ ಕರೆದುಕೊಂಡು ಹೋದರು. ಅವರು ನೋಡಿ, "ಹಾಲುಹಲ್ಲು ತಾನೇ, ಹೇಗಿದ್ದರೂ ಬೀಳೋದೇ" ಎಂದು ಕಿತ್ತು ಕೈಗೆ ಕೊಟ್ಟರು. ಅಪ್ಪ ಬರುವಾಗ ಐಸ್‌ಕ್ರೀಂ ಕೊಡಿಸಿದರು, ನೋವು ಹೋಯಿತು, ಎಲ್ಲರೂ ಮರೆತೆವು. ಆದರೆ ಆ ಹಲ್ಲು ಬೀಳಬೇಕಾಗಿದ್ದದ್ದು ನನಗೆ ಹತ್ತು ಹನ್ನೊಂದಾದಾಗ. ನಡುವಿನ ನಾಲ್ಕು ವರ್ಷ ಸೀಟು ಖಾಲಿ. ಹಿಂದಿನ ದವಡೆಹಲ್ಲು ಮೆಲ್ಲಗೆ ಮುಂದೆ ಬಂದು ಆ ಜಾಗದ ಮುಕ್ಕಾಲು ಪಾಲು ನುಂಗಿತು. ಅಸಲಿ ವಾರಸುದಾರ ಬಂದಾಗ ನಿಲ್ಲಲು ಜಾಗವಿಲ್ಲ, ಅಂಗುಳದ ಕಡೆಯಿಂದ ತಲೆ ತೂರಿಸಿತು. ನಮ್ಮಜ್ಜಿ ಅದಕ್ಕೂ ಕಾರಣ ಕಂಡುಕೊಂಡಿದ್ದರು: "ಅವಳ ತಾಯಿ ಕಡೆಯವರಿಗೆಲ್ಲ ಹೀಗೇ."

ಕಿತ್ತದ್ದು ತಪ್ಪೆಂದು ನಾನು ಹೇಳಲಾರೆ, ಕೀವು ತುಂಬಿದ ಹಲ್ಲನ್ನು ಕೆಲವೊಮ್ಮೆ ತೆಗೆಯಲೇಬೇಕು. ತೆಗೆದ ಮೇಲೆ ಜಾಗ ಕಾಯಲು ಒಂದು ಸಣ್ಣ ತಂತಿಯ ಬಳೆ ಕೂರಿಸುವುದಿದೆ, ಸ್ಪೇಸ್ ಮೇಂಟೇನರ್ ಅಂತ. ಅದನ್ನು ಹಾಕಿಸಬೇಕು ಎಂದು ಯಾರೂ ಹೇಳಲಿಲ್ಲ. ಇವತ್ತಿಗೂ ನನ್ನ ಬಳಿ ಬರುವ ಮಕ್ಕಳಲ್ಲಿ ಇದೇ ಕಥೆ ಮತ್ತೆ ಮತ್ತೆ ಕಾಣುತ್ತೇನೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ, ಮೂರು ವರ್ಷಕ್ಕೆ ಹುಳುಕು, ಆರಕ್ಕೆ ಕೀಳಿಸುವುದು, ಹನ್ನೆರಡಕ್ಕೆ "ಕ್ಲಿಪ್ ಹಾಕ್ಬೇಕಾ ಡಾಕ್ಟ್ರೇ?"

ಜಾಗದ ಮಾತಾಯಿತು. ಇನ್ನು ಒತ್ತಡ. ಹಲ್ಲು ಗೋಡೆಗೆ ಹೊಡೆದ ಮೊಳೆ ಇದ್ದ ಹಾಗೆ ಅಂದುಕೊಂಡಿದ್ದೇವೆ. ಹಾಗಿಲ್ಲ. ಬೇರಿಗೂ ಮೂಳೆಗೂ ನಡುವೆ ಸಣ್ಣ ನಾರುಗಳ ಪದರವಿದೆ. ಒಂದು ಕಡೆಯಿಂದ ತುಸುವೇ ಒತ್ತಡ ಬಹಳ ಹೊತ್ತು ಬಿದ್ದರೆ ಹಲ್ಲು ಸರಿಯುವ ಕಡೆ ಮೂಳೆ ಕರಗುತ್ತದೆ, ಬಿಟ್ಟುಹೋದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ನಾವು ಕ್ಲಿಪ್ ಹಾಕಿ ಮಾಡುವುದೂ ಇಷ್ಟೇ, ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್. ಇಲ್ಲಿ ಮುಖ್ಯ ಎಷ್ಟು ಜೋರು ಅನ್ನುವುದಲ್ಲ, ಎಷ್ಟು ಹೊತ್ತು ಅನ್ನುವುದು. ಕೋಡುಬಳೆ ಕಡಿಯುವಾಗ ಹಲ್ಲಿನ ಮೇಲೆ ಕಿಲೋಗಟ್ಟಲೆ ಭಾರ ಬೀಳುತ್ತದೆ, ಹಲ್ಲು ಕದಲುವುದಿಲ್ಲ. ತುಟಿ, ಕೆನ್ನೆ, ನಾಲಿಗೆ ಹೂವಿನಷ್ಟು ಹಗುರಾಗಿ ಇಡೀ ದಿನ ತಾಗಿಕೊಂಡಿರುತ್ತವಲ್ಲ, ಹಲ್ಲು ಕೇಳುವುದು ಅವುಗಳ ಮಾತನ್ನು.

ಬೆರಳು ಚೀಪುವುದೂ ಹೀಗೆಯೇ. ನಿದ್ದೆ ಬರುವಾಗ ಹತ್ತು ನಿಮಿಷ ಚೀಪಿ ಬಿಡುವ ಮಗುವಿಗೆ ಏನೂ ಆಗುವುದಿಲ್ಲ. ದಿನಕ್ಕೆ ಸುಮಾರು ಆರು ಗಂಟೆ ದಾಟಿದರೆ ಹಲ್ಲು ಸರಿಯತೊಡಗುತ್ತದೆ. ನನ್ನಲ್ಲಿಗೆ ಬಂದಿದ್ದ ಒಬ್ಬ ಹುಡುಗ, ಎಂಟು ವರ್ಷ, ಮುಂದಿನ ಹಲ್ಲು ಉಬ್ಬಿಕೊಂಡು ತುಟಿ ಮುಚ್ಚುತ್ತಿರಲಿಲ್ಲ. "ಇಲ್ಲ ಇಲ್ಲ, ಬೆರಳು ಚೀಪೋದು ಯಾವಾಗಲೋ ಬಿಟ್ಟ" ಎಂದರು ತಾಯಿ. ಕೈ ಚಾಚು ಅಂದೆ. ಹತ್ತು ಬೆರಳಲ್ಲಿ ಒಂಬತ್ತು ಮಣ್ಣಾಗಿದ್ದವು, ಸ್ಕೆಚ್ ಪೆನ್ನಿನ ಬಣ್ಣ ಮೆತ್ತಿಕೊಂಡಿದ್ದವು. ಬಲಗೈ ಹೆಬ್ಬೆರಳು ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ, ಸುಕ್ಕಾಗಿ, ಗೆಣ್ಣಿನ ಮೇಲೆ ಒಂದು ಸಣ್ಣ ಜಡ್ಡು. ಹುಡುಗ ಕೈ ಹಿಂದೆ ಬಚ್ಚಿಟ್ಟುಕೊಂಡ. ರಾತ್ರಿ ಹೊದಿಕೆಯೊಳಗೆ ನಡೆಯುವುದು ತಾಯಿಗೂ ಗೊತ್ತಿರಲಿಲ್ಲ.

ಮೂರು ನಾಲ್ಕು ವರ್ಷದೊಳಗೆ ಬಿಟ್ಟರೆ ಹೆಚ್ಚಿನ ಮಕ್ಕಳಲ್ಲಿ ತಾನೇ ಸರಿಹೋಗುತ್ತದೆ, ಗಾಬರಿ ಬೇಡ. ಹೊಸ ಮುಂದಿನ ಹಲ್ಲು ಬಂದ ಮೇಲೂ ಮುಂದುವರಿದರೆ ಕಷ್ಟ. ಬೇವಿನ ಎಣ್ಣೆ ಹಚ್ಚುವುದು, ಹಾಗಲಕಾಯಿ ರಸ ಸವರುವುದು ಎಲ್ಲ ಕೇಳಿದ್ದೇನೆ. ಮಗುವಿಗೇ ಬಿಡಬೇಕು ಅನ್ನಿಸಿದ್ದರೆ ಅವು ನೆನಪಿಸುತ್ತವೆ, ಅಷ್ಟೇ. ಬೈದು ಬಿಡಿಸಿದವರನ್ನು ನಾನು ಕಂಡಿಲ್ಲ.

ಬೆಂಗಳೂರಿನವರು ಹೆಚ್ಚು ಗಮನ ಕೊಡಬೇಕಾದದ್ದು ಮೂಗಿಗೆ. ಈ ಊರಿಗೆ ಬಂದು ಎರಡು ವರ್ಷವಾಗುವುದರೊಳಗೆ ಅರ್ಧ ಜನಕ್ಕೆ ಸೀನು ಶುರು. ಧೂಳು, ಹೂವಿನ ಪರಾಗ, ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ. ಮಗುವಿನ ಮೂಗು ಸದಾ ಕಟ್ಟಿಕೊಂಡಿದ್ದರೆ, ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಮೆತ್ತನೆಯ ಗಡ್ಡೆ ಊದಿಕೊಂಡಿದ್ದರೆ, ಅದು ಬಾಯಿಂದ ಉಸಿರಾಡುತ್ತದೆ. ಬಾಯಿ ತೆರೆದಾಗ ನಾಲಿಗೆ ಅಂಗುಳ ಬಿಟ್ಟು ಕೆಳಗಿಳಿಯುತ್ತದೆ. ಒಳಗಿನಿಂದ ತಡೆಯುವವರಿಲ್ಲ, ಹೊರಗಿನಿಂದ ಕೆನ್ನೆ ಒತ್ತುತ್ತಲೇ ಇರುತ್ತದೆ. ಮೇಲ್ದವಡೆ ಕಿರಿದಾಗುತ್ತದೆ, ಅಂಗುಳ ಗೋಪುರದ ಹಾಗೆ ಮೇಲೇರುತ್ತದೆ, ಮುಖ ಉದ್ದವಾಗುತ್ತದೆ. ಎಗಿಲ್ ಹಾರ್ವೊಲ್ಡ್ ಎಂಬ ವಿಜ್ಞಾನಿ ಮರಿಕೋತಿಗಳ ಮೂಗು ಮುಚ್ಚಿಟ್ಟು ನೋಡಿದ್ದರು, 1981ರಲ್ಲಿ ಅದರ ವರದಿ ಬಂತು. ಹಲ್ಲಿನ ಸಾಲುಗಳು ಕೆಟ್ಟಿದ್ದವು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡಲಾರರು, ಕೊಡಲೂಬಾರದು. ಬಾಯಿಂದ ಉಸಿರಾಡುವ ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಮಗು ರಾತ್ರಿ ಗೊರಕೆ ಹೊಡೆಯುತ್ತಿದ್ದರೆ, ಬೆಳಿಗ್ಗೆ ದಿಂಬು ಒದ್ದೆಯಾಗಿದ್ದರೆ, ನನ್ನ ಬಳಿ ಬರುವ ಮೊದಲು ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಿ. ಮೂಗು ತೆರೆಯದೆ ನಾನು ತಂತಿ ಬಿಗಿದರೆ, ತೆಗೆದ ವರ್ಷಕ್ಕೆ ಹಲ್ಲು ಮತ್ತೆ ಹಳೆಯ ಜಾಗಕ್ಕೆ.

ಇನ್ನು ಎಲ್ಲರೂ ಕಾದಿದ್ದ ವಿಷಯ: "ಹಿಂದಿನವರು ಗಟ್ಟಿ ಪದಾರ್ಥ ತಿನ್ನುತ್ತಿದ್ದರು, ಅದಕ್ಕೇ ಹಲ್ಲು ಚೆನ್ನಾಗಿತ್ತು." ಇದರಲ್ಲಿ ಸತ್ಯವಿದೆ. ದವಡೆಯೂ ಮೂಳೆಯೇ, ಬೆಳೆಯುವ ವಯಸ್ಸಿನಲ್ಲಿ ಕೆಲಸ ಕೊಟ್ಟರೆ ಬೆಳೆಯುತ್ತದೆ. ಹಾರ್ವರ್ಡಿನ ಡ್ಯಾನಿಯಲ್ ಲೀಬರ್‌ಮನ್ ತಂಡ 2004ರಲ್ಲಿ ಹೈರಾಕ್ಸ್ ಎಂಬ ಮೊಲದಷ್ಟಿರುವ ಪ್ರಾಣಿಗಳ ಒಂದು ಗುಂಪಿಗೆ ಬೇಯಿಸಿದ ಮೆತ್ತನೆಯ ಆಹಾರ, ಇನ್ನೊಂದಕ್ಕೆ ಗಟ್ಟಿಯದ್ದು ಕೊಟ್ಟು ನೋಡಿತು. ಮೆತ್ತಗೆ ತಿಂದವುಗಳ ಮುಖದ ಕೆಲವು ಭಾಗ ಸುಮಾರು ಶೇ. 10ರಷ್ಟು ಕಡಿಮೆ ಬೆಳೆದಿತ್ತು. ಬೇಟೆಯಾಡಿ ಬದುಕಿದ ಜನರ ದವಡೆಗೂ ಬೇಸಾಯದವರ ದವಡೆಗೂ ಆಕಾರದಲ್ಲೇ ವ್ಯತ್ಯಾಸವಿದೆ ಎಂದು ಜಗತ್ತಿನ ಬೇರೆ ಬೇರೆ ಕಡೆಯ ತಲೆಬುರುಡೆಗಳನ್ನು ಅಳೆದವರು ಕಂಡಿದ್ದಾರೆ.

ಆದರೆ ಸ್ವಲ್ಪ ತಡೆಯಿರಿ. ನಾವು ಮುದ್ದೆಯ ನಾಡಿನವರು. ಮುದ್ದೆಯನ್ನು ಅಗಿದರೆ ಪಕ್ಕದ ಎಲೆಯವರು ನಗುತ್ತಾರೆ. ಸಾರಿನಲ್ಲಿ ಹೊರಳಿಸಿ ನುಂಗಬೇಕು. ಹಾಗಾಗಿ "ನಮ್ಮ ಹಳೇ ಊಟ" ಎಂದು ಕಣ್ಣು ಮುಚ್ಚಿ ಹೊಗಳಲು ನಾನು ತಯಾರಿಲ್ಲ. ದವಡೆಗೆ ಕೆಲಸ ಸಿಗುತ್ತಿದ್ದದ್ದು ಊಟದ ಎಲೆಯ ಮೇಲಲ್ಲ, ಊಟದ ನಡುವೆ. ಜೇಬಿನಲ್ಲಿ ಹುರಿದ ಕಡಲೆ, ಹಲ್ಲಿನಲ್ಲೇ ಸಿಪ್ಪೆ ಸುಲಿದ ಕಬ್ಬು, ಬಿಸಿಲಿಗೆ ಒಣಗಿದ ಕೊಬ್ಬರಿ. ಈಗ ಕಬ್ಬು ಅಂದರೆ ಲೋಟದಲ್ಲಿ ಹಾಲು, ಅದೂ ಸ್ಟ್ರಾ ಹಾಕಿ. ಎರಡು ವರ್ಷದ ಮಗುವಿಗೂ ಅನ್ನ ಮಿಕ್ಸಿಯಲ್ಲಿ ತಿರುವಿ ಕೊಡುತ್ತಾರೆ. ಹಲ್ಲು ಬಂದ ಮಗುವಿಗೆ ಅಗಿಯಲು ಕೊಡಿ ಎಂದಷ್ಟೇ ನಾನು ಹೇಳುವುದು. ದೊಡ್ಡವರಾದ ಮೇಲೆ ನಾಲಿಗೆ ಅಂಗುಳಕ್ಕೆ ಒತ್ತಿ ದವಡೆ ಚೂಪು ಮಾಡಿಕೊಳ್ಳುವ ವಿಡಿಯೋಗಳಿವೆಯಲ್ಲ, ಅದನ್ನು ನಂಬಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಒಬ್ಬ ಸಾಫ್ಟ್‌ವೇರ್ ಹುಡುಗ ಎದ್ದು, "ಮೇಡಂ, ಬುದ್ಧಿಹಲ್ಲು ಹಿಂದಿನಿಂದ ತಳ್ಳಿ ನನ್ನ ಕೆಳಗಿನ ಹಲ್ಲೆಲ್ಲ ಸೊಟ್ಟಗಾಗ್ತಿದೆ, ತೆಗೆಸ್ಬಿಡ್ಲಾ?" ಎಂದ. ಬುದ್ಧಿಹಲ್ಲು ಇದ್ದವರಿಗೂ ಇಲ್ಲದವರಿಗೂ ಕೆಳಗಿನ ಮುಂಭಾಗದ ಹಲ್ಲುಗಳು ವಯಸ್ಸಾದಂತೆ ಒತ್ತೊತ್ತಾಗುತ್ತವೆ. ನೋವು, ಕೀವು ಇದ್ದರೆ ತೆಗೆಸಿ. ಸಾಲು ಉಳಿಯಲಿ ಅಂತ ತೆಗೆಸಿದರೆ ಹಲ್ಲೂ ದುಡ್ಡೂ ಹೋಗುತ್ತದೆ. ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಿ ಎಂದು ನಾವು ಗೋಗರೆಯುವುದೂ ಇದಕ್ಕೇ.

ಕೋಲಾರದ ಕಡೆಯವರೊಬ್ಬರು ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಕೇಳಿದರು. ಅದು ಹಲ್ಲಿಗೆ ಕಂದು ಕಲೆ ತರುತ್ತದೆ, ಹೆಚ್ಚಾದರೆ ಮೇಲ್ಮೈ ಗುಳಿ ಬೀಳುತ್ತದೆ, ಸಾಲು ತಪ್ಪಿಸುವುದಿಲ್ಲ. ಒಬ್ಬರು ಅಜ್ಜಿ, ಮೊಮ್ಮಗನಿಗೆ ಮೇಲಿನ ಹಲ್ಲು ಮೊದಲು ಬಂದಿದೆ, ಸೋದರಮಾವನಿಗೆ ಆಗಲ್ಲವಂತೆ ಎಂದರು. ಮಾವ ಹಿಂದಿನ ಸಾಲಿನಲ್ಲೇ ಕೂತಿದ್ದರು, ಆರೋಗ್ಯವಾಗಿ ವಡೆ ತಿನ್ನುತ್ತಾ.

ನಿವೃತ್ತರೊಬ್ಬರು ನಿಧಾನವಾಗಿ ಹೇಳಿದರು. "ಚಿಕ್ಕಂದಿನಿಂದ ನನ್ನ ಹಲ್ಲು ಸರಿಯಾಗಿಯೇ ಇತ್ತಮ್ಮ. ಐದಾರು ವರ್ಷದಿಂದ ಮುಂದಿನವು ಬೀಸಣಿಗೆ ಥರ ಅಗಲವಾಗ್ತಿವೆ." ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದೆ. ಹತ್ತು ವರ್ಷದಿಂದ ಇದೆ. ವಸಡಿನ ರೋಗದಲ್ಲಿ ಬೇರಿನ ಸುತ್ತಲಿನ ಮೂಳೆ ಸವೆದು ಹಲ್ಲು ಹಿಡಿತ ಕಳೆದುಕೊಳ್ಳುತ್ತದೆ; ಆಗ ನಾಲಿಗೆಯ ಆ ಹಗುರವಾದ ಒತ್ತಡವೇ ಸಾಕು, ಹಲ್ಲು ಹೊರಕ್ಕೆ ವಾಲಲು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಇದು ಬೇಗ. ಇಂಥವರು ಮೊದಲು ವಸಡಿಗೆ ಚಿಕಿತ್ಸೆ ಮಾಡಿಸಬೇಕು, ಕ್ಲಿಪ್ ಮಾತು ಆಮೇಲೆ.

ಕೊನೆಗೆ, ತಾಯಿಯ ಸೆರಗು ಹಿಡಿದುಕೊಂಡಿದ್ದ ಏಳು ವರ್ಷದ ಹುಡುಗ ಮುಂದೆ ಬಂದು ಬಾಯಿ ತೆರೆದು ತೋರಿಸಿದ. ಕೆಳಗಿನ ಹಾಲುಹಲ್ಲೊಂದು ಅಲ್ಲಾಡುತ್ತಿತ್ತು, ಅದರ ಹಿಂದೆ ಆಗಲೇ ಹೊಸ ಹಲ್ಲಿನ ಗರಗಸದಂಥ ಅಂಚು ಎದ್ದಿತ್ತು. ಎರಡು ಸಾಲು ಹಲ್ಲು ಎಂದು ತಾಯಿಗೆ ಭಯ. ಹಳೆಯದು ಬಿದ್ದರೆ ನಾಲಿಗೆ ಹೊಸದನ್ನು ಮುಂದಕ್ಕೆ ತರುತ್ತದೆ, ಕೈ ತೊಳೆದುಕೊಂಡು ದಿನಾ ಅಲ್ಲಾಡಿಸು ಅಂದೆ. ಅವನ ಚಿಂತೆ ಬೇರೆ ಇತ್ತು. "ಬಿದ್ದ ಮೇಲೆ ಸಗಣಿ ಉಂಡೇಲಿಟ್ಟು ಹೆಂಚಿನ ಮೇಲೆ ಎಸೀಬೇಕಂತೆ ಆಂಟಿ. ನಮ್ದು ಏಳನೇ ಫ್ಲೋರು. ಹೆಂಚಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ವಡೆ ತಿನ್ನುತ್ತಿದ್ದ ಸೋದರಮಾವನೇ ಹಿಂದಿನಿಂದ ಕೂಗಿ ಹೇಳಿದರು: "ಗವಿಪುರದಲ್ಲಿ ನಮ್ಮನೆ ಇನ್ನೂ ಹೆಂಚಿಂದೇ ಕಣೋ, ಬಿದ್ದ ದಿನ ಬಾ."